ಉಣುಗು, ಸೊಳ್ಳೆ ಹಿಡಿದು ರೋಗಾಣು ಹುಡುಕುವವರ ಪ್ರಶ್ನೋತ್ತರ

ಪ್ರಶ್ನೆ: ಸರ್, ಪ್ರಾಜೆಕ್ಟ್‌ಗಾಗಿ ಕಾಡಿನಂಚಲ್ಲಿ ಉಣುಗು ಹಿಡೀತಿದ್ದೀವಿ. ಒಂದು ಮೀಟರ್ ಚೌಕದ ಬಿಳಿ ಬಟ್ಟೆ ನೂರು ಮೀಟರ್ ಎಳೆದರೆ ಒಂದೆರಡು ಸಿಕ್ಕರೆ ಹೆಚ್ಚು. ಅದೇ ಜಾಗದಲ್ಲಿ ನಮ್ಮ ಪ್ಯಾಂಟಿಗೆ ಮಾತ್ರ ಚೆನ್ನಾಗಿ ಹತ್ತುತ್ತವೆ. ತಪ್ಪೆಲ್ಲಿ?

ಉತ್ತರ (ಕೀಟತಜ್ಞ): ಬಟ್ಟೆ ಯಾವುದು ಅಂತ ಮೊದಲು ನೋಡಿ. ನುಣುಪಾದ ಪಾಲಿಯೆಸ್ಟರ್‌ನಲ್ಲಿ ಉಣುಗಿನ ಕಾಲಿಗೆ ಹಿಡಿತ ಸಿಗುವುದಿಲ್ಲ. ಜುಂಗು ಇರುವ ಫ್ಲಾನೆಲ್ ಬೇಕು. ಹಿಂದಿನ ಅಂಚಿಗೆ ಸಣ್ಣ ಸರಪಳಿಯನ್ನೋ ಸೀಸದ ಗುಂಡುಗಳನ್ನೋ ಹೊಲಿಯಿರಿ. ಇಲ್ಲದಿದ್ದರೆ ಬಟ್ಟೆ ಪೊದೆಯ ನೆತ್ತಿ ಸವರಿಕೊಂಡು ಹೋಗುತ್ತದೆ, ನಿಮ್ಮ ಕಾಲು ಪೊದೆಯೊಳಗೆ ಹೋಗುತ್ತದೆ. ಪ್ಯಾಂಟಿಗೆ ಹೆಚ್ಚು ಹತ್ತುವುದಕ್ಕೆ ಅರ್ಧ ಕಾರಣ ಇದೇ. ಪೊದೆ ಮೊಣಕಾಲು ದಾಟಿದ್ದರೆ ಎಳೆಯುವುದನ್ನು ಬಿಟ್ಟು, ಬಟ್ಟೆಯನ್ನು ಕೋಲಿಗೆ ಬಾವುಟದ ಹಾಗೆ ಕಟ್ಟಿ ಪೊದೆಯ ಬದಿಗಳನ್ನು ಸವರಿ.

ಎರಡನೆಯದು, ಎಷ್ಟು ದೂರಕ್ಕೊಮ್ಮೆ ನಿಲ್ಲುತ್ತೀರಿ? ಹತ್ತು ಮೀಟರಿಗೊಮ್ಮೆ ನಿಂತು ಬಟ್ಟೆಯ ಎರಡೂ ಮಗ್ಗುಲು ನೋಡಲೇಬೇಕು. ಐವತ್ತು ಮೀಟರ್ ಒಂದೇ ಸಮನೆ ಎಳೆದರೆ ಮೊದಲು ಹತ್ತಿದವು ನಡುವೆಯೇ ಉದುರಿರುತ್ತವೆ. ದೊಡ್ಡವು ಬೇಗ ಉದುರುತ್ತವೆ, ಹಾಗಾಗಿ ನಿಮ್ಮ ಲೆಕ್ಕದಲ್ಲಿ ಬೆಳೆದ ಉಣುಗು ಕಡಿಮೆಯಾಗಿ ಮರಿಗಳೇ ಹೆಚ್ಚಾಗಿ ಕಾಣುತ್ತವೆ. ಇಬ್ಬನಿ ಆರುವ ಮುಂಚೆ ಹೋಗಬೇಡಿ, ಒದ್ದೆ ಬಟ್ಟೆಗೆ ಹತ್ತುವುದಿಲ್ಲ. ಸುಡುಬಿಸಿಲಲ್ಲೂ ಬೇಡ, ಮೈಯ ನೀರಿನಂಶ ಉಳಿಸಿಕೊಳ್ಳಲು ಅವು ತರಗೆಲೆಯ ಅಡಿಗೆ ಇಳಿದಿರುತ್ತವೆ.

ಇನ್ನೊಂದನ್ನು ಯಾರೂ ಅನುಮಾನಿಸುವುದೇ ಇಲ್ಲ: ರಿಪೆಲ್ಲೆಂಟ್, ಅಂದರೆ ಕೀಟಗಳನ್ನು ದೂರ ಇಡುವ ಔಷಧ. ಸುರಕ್ಷತೆಗೆ ಪ್ಯಾಂಟ್, ಸಾಕ್ಸ್‌ಗೆ 0.5% ಪರ್ಮೆಥ್ರಿನ್ ಹೊಡೆದುಕೊಳ್ಳುವುದು ಸರಿ. ಆದರೆ ಆ ಪ್ಯಾಂಟ್ ಇಟ್ಟ ಚೀಲದಲ್ಲೇ ಎಳೆಯುವ ಬಟ್ಟೆಯನ್ನೂ ಇಟ್ಟರೆ, ಅಥವಾ ಡೀಟ್ (ಮೈಗೆ ಹಚ್ಚುವ ರಿಪೆಲ್ಲೆಂಟ್) ಹಚ್ಚಿದ ಕೈಯಲ್ಲಿ ಅದನ್ನು ಮುಟ್ಟಿದರೆ ಆ ದಿನದ ಕೆಲಸ ಕೆಟ್ಟ ಹಾಗೆ.

ಲೆಕ್ಕವನ್ನು 100 ಚದರ ಮೀಟರಿಗೆ ಎಷ್ಟು ಅಂತಲೇ ಬರೆಯಿರಿ. ಒಬ್ಬರು ‘ಗಂಟೆಗೆ ಇಷ್ಟು’, ಇನ್ನೊಬ್ಬರು ‘ಮೀಟರಿಗೆ ಇಷ್ಟು’ ಅಂತ ಬರೆದರೆ ಹೋಲಿಸಲು ಬರುವುದಿಲ್ಲ. ಯಾವ ಹಂತದ್ದು ಅನ್ನುವುದೂ ಬೇಕು. ಮಂಗನ ಕಾಯಿಲೆ ಹರಡುವ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗಿನಲ್ಲಿ ಮನುಷ್ಯರಿಗೆ ಮುಖ್ಯವಾಗಿ ಸೋಂಕು ತಗಲಿಸುವುದು ನಿಂಫ್ (ಮೊಟ್ಟೆಯಿಂದ ಬಂದ ಲಾರ್ವಾಕ್ಕೂ ಬೆಳೆದ ಉಣುಗಿಗೂ ನಡುವಿನ ಹಂತ). ಎಲ್ಲವನ್ನೂ ಕೂಡಿಸಿ ಒಂದೇ ಸಂಖ್ಯೆ ಕೊಟ್ಟರೆ ಅಪಾಯ ಎಷ್ಟೆಂದು ತಿಳಿಯದು.

ಪ್ರಶ್ನೆ: ಹಿಡಿದದ್ದನ್ನೆಲ್ಲ 70% ಆಲ್ಕೋಹಾಲ್‌ನಲ್ಲಿ ಹಾಕಿಟ್ಟಿದ್ದೇವೆ. ವೈರಸ್ ನೋಡಬೇಕಿತ್ತು…

ಉತ್ತರ (ಲ್ಯಾಬ್‌ನವರು): ಜಾತಿ ಗುರುತಿಸಲು ಅದು ಸಾಕು. ಡಿಎನ್‌ಎಗಾದರೆ 95%ಕ್ಕಿಂತ ಮೇಲಿನ ಆಲ್ಕೋಹಾಲ್ ಬೇಕು. ಆರ್‌ಎನ್‌ಎ ವೈರಸ್‌ಗೆ (ಮಂಗನ ಕಾಯಿಲೆ, ಡೆಂಗಿಯ ವೈರಸ್ ಇಂಥವು) ಎರಡೂ ನಂಬಿಕೆಗೆ ತಕ್ಕವಲ್ಲ, ವೈರಸ್ಸನ್ನು ಬೆಳೆಸುವ ಆಸೆಯಂತೂ ಬಿಡಿ. ಮುಂದಿನ ಸಲ ಜೀವಂತವಾಗಿ ತನ್ನಿ. ವಯಲ್‌ನಲ್ಲಿ (ಸಣ್ಣ ಸೀಸೆ) ತೇವ ಮಾಡಿದ ಫಿಲ್ಟರ್ ಪೇಪರಿನ ಸಣ್ಣ ಪಟ್ಟಿ ಇರಲಿ. ಪಟ್ಟಿ ಹಿಂಡಿದರೆ ನೀರು ಬರಬಾರದು. ನೀರು ಹೆಚ್ಚಾದರೆ ಬೂಷ್ಟು ಬರುತ್ತದೆ, ಒಣಗಿದರೆ ಲಾರ್ವಾಗಳು ಮೊದಲು ಸಾಯುತ್ತವೆ. ಐಸ್ ಪ್ಯಾಕ್ ವಯಲ್‌ಗೆ ನೇರ ತಾಗದಂತೆ ನಡುವೆ ಬಟ್ಟೆ ಇಡಿ. ಲ್ಯಾಬ್‌ಗೆ ಬಂದ ಮೇಲೆ ಒಮ್ಮೆ 70% ಆಲ್ಕೋಹಾಲ್, ಎರಡು ಸಲ ಸ್ಟೆರೈಲ್ ನೀರಿನಲ್ಲಿ ತೊಳೆದು, ತಣ್ಣಗಿನ ತಟ್ಟೆಯ ಮೇಲೆ ಗುರುತಿಸಿ, ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರಿಗೆ ಹಾಕಿ. ಹೊರತೆಗೆದು ಕರಗಿಸಿ ಮತ್ತೆ ಇಡುವುದು ಬೇಡ. ಪ್ರತಿ ಸಲವೂ ಆರ್‌ಎನ್‌ಎ ಒಡೆಯುತ್ತದೆ.

ರಕ್ತ ಕುಡಿದು ಉಬ್ಬಿದ ಉಣುಗುಗಳನ್ನು ಬೇರೆ ಇಡಿ. ಆ ರಕ್ತದಲ್ಲಿರುವ ಹೀಮ್ (ರಕ್ತದ ಕೆಂಪು ಬಣ್ಣದ ಅಂಶ) ಪಿಸಿಆರ್ ಅನ್ನು, ಅಂದರೆ ರೋಗಾಣುವಿನ ಜೀನ್ ತುಣುಕನ್ನು ಹೆಚ್ಚಿಸಿ ಪತ್ತೆ ಮಾಡುವ ಪರೀಕ್ಷೆಯನ್ನು, ತಡೆಯುತ್ತದೆ. ‘ನೆಗೆಟಿವ್’ ಅಂತ ಬಂದದ್ದು ನಿಜಕ್ಕೂ ‘ಕೆಲಸ ಮಾಡಿಲ್ಲ’ ಅಂತ ಇರಬಹುದು. ಇಂಟರ್ನಲ್ ಕಂಟ್ರೋಲ್ (ಪರೀಕ್ಷೆ ಕೆಲಸ ಮಾಡಿದೆಯೇ ಎಂದು ತೋರಿಸಲು ಅದೇ ಟ್ಯೂಬಿನಲ್ಲಿ ಇರುವ ಗುರುತು) ಇಲ್ಲದೆ ಓಡಿಸಲೇಬೇಡಿ. ಕಂಟ್ರೋಲ್ ಕೂಡ ಬರದಿದ್ದರೆ ಸ್ಯಾಂಪಲ್ಲನ್ನು ಹತ್ತು ಪಟ್ಟು ತೆಳು ಮಾಡಿ ಮತ್ತೆ ನೋಡಿ.

ಪ್ರಶ್ನೆ: ಲೈಟ್ ಟ್ರ್ಯಾಪ್‌ನಲ್ಲಿ ಪತಂಗಗಳೇ ಬೀಳ್ತಿವೆ, ಡೆಂಗಿ ಹರಡುವ ಈಡಿಸ್ ಸೊಳ್ಳೆ ಒಂದೂ ಇಲ್ಲ.

ಉತ್ತರ (ಕೀಟತಜ್ಞ): ಈಡಿಸ್ ಈಜಿಪ್ಟೈ ಕಚ್ಚುವುದು ಹಗಲಲ್ಲಿ, ರಾತ್ರಿ ದೀಪ ಹಾಕಿ ಕಾದರೆ ಎಲ್ಲಿ ಸಿಗುತ್ತದೆ? ಅದಕ್ಕೆ ಬಿಜಿ-ಸೆಂಟಿನೆಲ್ (ಫ್ಯಾನ್ ಇಟ್ಟು ಸೊಳ್ಳೆಯನ್ನು ಒಳಗೆಳೆಯುವ ಟ್ರ್ಯಾಪ್) ಅಥವಾ ಮೊಟ್ಟೆಗೆ ಕಪ್ಪು ಡಬ್ಬಿಯ ಓವಿಟ್ರ್ಯಾಪ್ ಇಡಿ. ಓವಿಟ್ರ್ಯಾಪಿನ ನೀರನ್ನು ವಾರದೊಳಗೆ ಚೆಲ್ಲಿ, ಬಿಟ್ಟರೆ ನೀವೇ ಸೊಳ್ಳೆ ಸಾಕಿದಂತೆ. ರಾತ್ರಿಯ ಜಾತಿಗಳಿಗೆ ಬಲ್ಬ್ ತೆಗೆದು, ಡ್ರೈ ಐಸ್ (ಸೊಳ್ಳೆಯನ್ನು ಸೆಳೆಯುವ ಇಂಗಾಲದ ಡೈಆಕ್ಸೈಡ್ ಬಿಡುವ ಗಟ್ಟಿ) ಮಾತ್ರ ಇಟ್ಟು ನೋಡಿ, ಪತಂಗ ತುಂಬ ಕಡಿಮೆಯಾಗುತ್ತದೆ. ಟ್ರ್ಯಾಪ್ ತೂಗುವ ಹಗ್ಗಕ್ಕೆ ಗ್ರೀಸ್ ಹಚ್ಚಿ, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಇರುವೆ ಖಾಲಿ ಮಾಡಿರುತ್ತದೆ.

ಪ್ರಶ್ನೆ: 1,200 ಸೊಳ್ಳೆಗಳನ್ನು 50ರಂತೆ 24 ಪೂಲ್ (ಒಟ್ಟಿಗೆ ಅರೆದು ಒಂದೇ ಸ್ಯಾಂಪಲ್ ಆಗಿ ಪರೀಕ್ಷಿಸುವ ಗುಂಪು) ಮಾಡಿದೆವು. 20 ಪೂಲ್ ಪಾಸಿಟಿವ್. ಸೋಂಕಿನ ದರ ಸಾವಿರಕ್ಕೆ 16.7 ಅಂತ ಬರೆಯಬಹುದೇ?

ಉತ್ತರ (ಲ್ಯಾಬ್‌ನವರು): ಅದು ಕನಿಷ್ಠ ದರ ಅಷ್ಟೇ. ಪ್ರತಿ ಪಾಸಿಟಿವ್ ಪೂಲಿನಲ್ಲಿ ಸೋಂಕಿನ ಸೊಳ್ಳೆ ಒಂದೇ ಒಂದು ಎಂದು ಅದು ಎಣಿಸುತ್ತದೆ. ಆರು ಪೂಲ್ ಮಾತ್ರ ಪಾಸಿಟಿವ್ ಆಗಿದ್ದರೆ ಕನಿಷ್ಠ ದರ 5, ಗರಿಷ್ಠ ಸಂಭಾವ್ಯತೆಯ ಲೆಕ್ಕದಲ್ಲಿ (ಒಂದು ಪೂಲಿನಲ್ಲಿ ಒಂದಕ್ಕಿಂತ ಹೆಚ್ಚು ಸೋಂಕಿನ ಸೊಳ್ಳೆ ಇರಬಹುದೆಂದು ಎಣಿಸುವ ಲೆಕ್ಕ) ಸುಮಾರು 5.7. ಹೆಚ್ಚು ವ್ಯತ್ಯಾಸವಿಲ್ಲ. 20 ಪೂಲ್ ಬಂದಾಗ ಅದೇ ಲೆಕ್ಕ ಸುಮಾರು 35ಕ್ಕೆ ಏರುತ್ತದೆ, ಅಂದರೆ ನೀವು ಬರೆಯಹೊರಟದ್ದರ ಎರಡು ಪಟ್ಟು. ಸೂತ್ರ ಸರಳ: ನೆಗೆಟಿವ್ ಪೂಲುಗಳ ಪಾಲಿಗೆ (ಇಲ್ಲಿ 4/24) ಐವತ್ತನೇ ಮೂಲ ತೆಗೆದು ಒಂದರಿಂದ ಕಳೆಯಿರಿ. ಪೂಲುಗಳ ಗಾತ್ರ ಬೇರೆಬೇರೆ ಇದ್ದರೆ ಸಾಫ್ಟ್‌ವೇರ್ ಬೇಕು. ಇಷ್ಟು ಪಾಸಿಟಿವ್ ಬರುವ ಜಾಗದಲ್ಲಿ ಮುಂದಿನ ಸಲ ಹತ್ತರ ಪೂಲ್ ಮಾಡಿ. ಅದಕ್ಕೂ ಮುಂಚೆ, ಬ್ಲಾಂಕ್ ಕಂಟ್ರೋಲ್ (ಸೊಳ್ಳೆಯೇ ಇಲ್ಲದೆ ಓಡಿಸಿದ ಸ್ಯಾಂಪಲ್) ಸ್ವಚ್ಛವಾಗಿತ್ತಾ ನೋಡಿ. 24ರಲ್ಲಿ 20 ಎಂದರೆ ಮೊದಲ ಅನುಮಾನ ಕಂಟ್ಯಾಮಿನೇಷನ್ (ಒಂದರಿಂದ ಇನ್ನೊಂದಕ್ಕೆ ಬೆರಕೆ) ಮೇಲೇ.

ಪ್ರಶ್ನೆ: ಅಂದರೆ ಪಾಸಿಟಿವ್ ಖಚಿತವಾದ ಮೇಲೆ ಈ ಜಾತಿ ರೋಗವಾಹಕ ಎಂದು ಪೇಪರಿನಲ್ಲಿ ಬರೆಯಬಹುದಲ್ವಾ?

ಉತ್ತರ (ಕೀಟತಜ್ಞ): ಬೇಡ. ಸೋಂಕಿದ ರಕ್ತ ಕುಡಿದ ಯಾವ ಸೊಳ್ಳೆಯ ಹೊಟ್ಟೆಯಲ್ಲೂ ವೈರಸ್‌ನ ಆರ್‌ಎನ್‌ಎ ಸಿಗುತ್ತದೆ. ಕರುಳಿನ ಗೋಡೆ ದಾಟಿ, ಮೈಯೆಲ್ಲ ಹರಡಿ, ಜೊಲ್ಲುಗ್ರಂಥಿ ತಲುಪಿದರೆ ಮಾತ್ರ ಅದು ಇನ್ನೊಬ್ಬರಿಗೆ ದಾಟೀತು. ಈಡಿಸ್‌ನಲ್ಲಿ ಡೆಂಗಿಗೆ ಇದಕ್ಕೆ ಸಾಮಾನ್ಯವಾಗಿ 8ರಿಂದ 12 ದಿನ ಹಿಡಿಯುತ್ತದೆ, ತಂಪಿದ್ದರೆ ಇನ್ನೂ ಹೆಚ್ಚು. ಅದಕ್ಕೇ ಮೈ, ಕಾಲು-ರೆಕ್ಕೆ, ಜೊಲ್ಲು ಮೂರನ್ನೂ ಬೇರೆಬೇರೆ ಪರೀಕ್ಷಿಸುತ್ತಾರೆ. ಕಾಲಿನಲ್ಲಿ ಸಿಕ್ಕರೆ ಹರಡಿದೆ ಎಂದರ್ಥ, ಜೊಲ್ಲಿನಲ್ಲಿ ಸಿಕ್ಕರೆ ದಾಟಿಸಬಲ್ಲದು. ಜೊಲ್ಲು ತೆಗೆಯಲು ಕಾಲು, ರೆಕ್ಕೆ ಕಿತ್ತ ಸೊಳ್ಳೆಯ ಸೊಂಡಿಲನ್ನು ದ್ರವ ತುಂಬಿದ ಸಣ್ಣ ಕ್ಯಾಪಿಲರಿಯೊಳಗೆ ಅರ್ಧ ಗಂಟೆ ಇಡುತ್ತಾರೆ. ಇದು ಸಾಮಾನ್ಯ ಲ್ಯಾಬ್‌ನಲ್ಲಿ ಮಾಡುವ ಕೆಲಸವಲ್ಲ, ತಕ್ಕ ಜೈವಿಕ ಸುರಕ್ಷತಾ ಹಂತದ ಸೌಲಭ್ಯ ಬೇಕು.

ಉಣುಗಿನಲ್ಲಿ ಪರೀಕ್ಷೆ ಇನ್ನೂ ನಿಧಾನ. ಲಾರ್ವಾ ಕುಡಿದ ರೋಗಾಣು ಪೊರೆ ಕಳಚಿದ ಮೇಲೆ ನಿಂಫ್‌ನಲ್ಲೂ ಉಳಿಯಬೇಕು. ಡರ್ಮಸೆಂಟರ್ ವೇರಿಯಬಿಲಿಸ್ ಎಂಬ ಅಮೆರಿಕದ ಉಣುಗು ಲೈಮ್ ರೋಗದ ಬೊರೇಲಿಯಾ ಬ್ಯಾಕ್ಟೀರಿಯಾವನ್ನು ರಕ್ತದ ಜೊತೆ ನುಂಗುತ್ತದೆ, ಆದರೆ ಅದನ್ನು ದಾಟಿಸುವ ವಾಹಕವಲ್ಲ. ಬರೀ ಪಿಸಿಆರ್ ನೋಡಿದರೆ ಅದನ್ನೂ ಪಟ್ಟಿಗೆ ಸೇರಿಸಿಬಿಡುತ್ತಿದ್ದೆವು. ನಿಮ್ಮ ಪೇಪರಿನಲ್ಲಿ ‘ಈ ಜಾತಿಯಲ್ಲಿ ವೈರಸ್‌ನ ಆರ್‌ಎನ್‌ಎ ಪತ್ತೆಯಾಗಿದೆ’ ಎಂದಷ್ಟೇ ಬರೆಯಿರಿ. ರಕ್ತ ಕುಡಿದವು ಎಷ್ಟು, ಕುಡಿಯದವು ಎಷ್ಟು ಎಂದು ಬೇರೆ ಕಾಲಂನಲ್ಲಿ ಕೊಡಿ.