ನಿವೃತ್ತಿಯಾದ ಮೇಲೆ ಮೈಸೂರಲ್ಲಿ ಮನೆ: ಗಾಡಿ ಓಡಿಸುವುದು ಬಿಟ್ಟ ಮೇಲೂ ಇರಲಾಗುವ ಏರಿಯಾ ನೋಡಿ

ಸರ್, ನೀವು ಕೇಳಿದ್ದು ಇಷ್ಟು. ಮಂಡ್ಯದ ವಿದ್ಯಾನಗರದ ದೊಡ್ಡ ಮನೆ ಮಾರಿ ಮೈಸೂರಿಗೆ ಬರಬೇಕು, ಮಗಳು ಕುವೆಂಪುನಗರದಲ್ಲಿದ್ದಾರೆ, ಅಂಗಡಿ, ಪಾರ್ಕು, ಆಸ್ಪತ್ರೆ ಎಲ್ಲಕ್ಕೂ ನಡೆದೇ ಹೋಗುವಂತಿರಬೇಕು, ಮನೆ ನೋಡಿಕೊಳ್ಳುವ ಕೆಲಸ ಜಾಸ್ತಿ ಇರಬಾರದು. ನಾವೂ ಮಗನ ಹತ್ತಿರ ಇರೋಣ ಅಂತ ಮಂಡ್ಯ ಬಿಟ್ಟು ಸರಸ್ವತಿಪುರಕ್ಕೆ ಬಂದವರು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಈಗ ನೀವು ಗಾಡಿ ಓಡಿಸುತ್ತೀರಿ. ಹಾಗಾಗಿ ಮೈಸೂರಿನ ಯಾವ ಮೂಲೆಯೂ ನಿಮಗೆ ದೂರ ಅನ್ನಿಸುವುದಿಲ್ಲ. ಮನೆ ನೋಡುವಾಗ ಆ ಗಾಡಿಯನ್ನು ಲೆಕ್ಕದಿಂದ ತೆಗೆದುಬಿಡಿ. ಮಂಡಿ ನೋವೋ ಕಣ್ಣಿನ ಪೊರೆಯೋ ಬಂದು ಗಾಡಿ ಬಿಟ್ಟ ಮೇಲೆ, ನಿಮ್ಮ ಮನೆಯವರು ಒಬ್ಬರೇ ಹೋಗಿ ಹಾಲು, ತರಕಾರಿ, ಮಾತ್ರೆ ತಂದುಕೊಳ್ಳಬಹುದಾ, ಅದನ್ನು ನೋಡಿ.

ನಮ್ಮ ಭಾವ ರಿಂಗ್ ರೋಡ್ ಆಚೆ ಒಂದು ಬಡಾವಣೆಯಲ್ಲಿ ಕಟ್ಟಿದರು. ಅಗಲ ರಸ್ತೆ, ಒಳ್ಳೆ ಗಾಳಿ, ಚಾಮುಂಡಿ ಬೆಟ್ಟ ಕಾಣುತ್ತದೆ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಭಾವನಿಗೆ ಮಂಡಿ ಆಪರೇಷನ್ ಆದ ಮೇಲೆ ನೋಡಿ, ಅಕ್ಕ ಒಂದು ಕಟ್ಟು ಕೊತ್ತಂಬರಿಗೂ ಪಕ್ಕದ ಮನೆ ಹುಡುಗನನ್ನು ಕಾಯುವ ಹಾಗಾಯಿತು. ಆಟೋ ಕರೆದರೆ ಅಷ್ಟು ದೂರ ಬರಲ್ಲ ಅನ್ನುತ್ತಾರೆ. ಅರ್ಧಕ್ಕರ್ಧ ಸೈಟು ಖಾಲಿ, ಸಂಜೆ ಏಳಾದರೆ ನಾಯಿಗಳ ಗುಂಪು. ಜೊತೆಗೆ ಬೋರ್‌ವೆಲ್ ನೀರು. ಗಡಸು ನೀರಾದರೆ ಗೀಸರ್ ಕಾಯಿಲ್‌ಗೆ ಉಪ್ಪು ಕಟ್ಟುತ್ತದೆ, ನಲ್ಲಿ ಕೆಡುತ್ತದೆ, ಷವರ್ ಕಟ್ಟಿಕೊಳ್ಳುತ್ತದೆ, ತಿಂಗಳು ತಿಂಗಳು ಪ್ಲಂಬರ್ ಬರಬೇಕು. ಹೊಸ ಮನೆ ಅಂದ ಮಾತ್ರಕ್ಕೆ ಕೆಲಸ ಕಡಿಮೆ ಅಂತಲ್ಲ. ಮನೆಗೆ ಕಾವೇರಿ ಅಥವಾ ಕಬಿನಿ ನೀರಿನ ಕನೆಕ್ಷನ್ ಇದೆಯಾ, ವಾರಕ್ಕೆ ಎಷ್ಟು ಸಲ ಬಿಡುತ್ತಾರೆ ಅಂತ ಪಕ್ಕದ ಮನೆಯವರನ್ನು ಕೇಳಿ. ಬ್ರೋಕರ್ ಮಾತು ಬೇಡ.

ಇನ್ನು ಏರಿಯಾ. ಮಗಳು ಕುವೆಂಪುನಗರದಲ್ಲೇ ಇರುವುದರಿಂದ ಮೊದಲು ಅಲ್ಲೇ ಹುಡುಕಿ. ಅಪೋಲೋ ಬಿಜಿಎಸ್ ಆಸ್ಪತ್ರೆ ಅಲ್ಲೇ ಇದೆ. ಕುವೆಂಪುನಗರ ಕಾಂಪ್ಲೆಕ್ಸ್ ಸುತ್ತಮುತ್ತ ದಿನಸಿ, ಔಷಧಿ, ಬ್ಯಾಂಕು, ಹೋಟೆಲು ಎಲ್ಲ ಸಿಗುತ್ತದೆ, ಸಿಟಿ ಬಸ್ಸೂ ಇದೆ. ಆದರೆ ಕುವೆಂಪುನಗರ ಚಿಕ್ಕದಲ್ಲ. ಒಂದು ತುದಿಯ ಬ್ಲಾಕಿನಿಂದ ಇನ್ನೊಂದು ತುದಿಗೆ ನಡೆಯುವುದು ನಮ್ಮ ವಯಸ್ಸಿನವರಿಗೆ ಆಗದ ಮಾತು. ಡಬಲ್ ರೋಡ್ ದಾಟಬೇಕಾದರೆ ಇನ್ನೂ ಕಷ್ಟ. ಮಗಳ ಮನೆಗೂ ನಿಮ್ಮ ಮನೆಗೂ ನಡುವೆ ದೊಡ್ಡ ರಸ್ತೆ ಬರದ ಹಾಗೆ ನೋಡಿಕೊಳ್ಳಿ. ಮೊಮ್ಮಕ್ಕಳೂ ತಾವಾಗೇ ಬಂದು ಹೋಗುತ್ತಾರೆ.

ಸರಸ್ವತಿಪುರಂ ಬಗ್ಗೆ ನನಗೆ ಪ್ರೀತಿ ಜಾಸ್ತಿ, ಅದನ್ನು ಬಿಟ್ಟು ಓದಿಕೊಳ್ಳಿ. ಅಡ್ಡರಸ್ತೆಗಳು ನೇರವಾಗಿವೆ, ಮರದ ನೆರಳಿದೆ, ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ನಡೆದೇ ಹೋಗಬಹುದು. ಕೆರೆ ಪೂರ್ತಿ ಸುತ್ತಿದರೆ ಸುಮಾರು 5 ಕಿ.ಮೀ. ಆಗುತ್ತದೆ, ನಾವು ಸ್ವಲ್ಪ ದೂರ ಹೋಗಿ ಬೆಂಚಿನ ಮೇಲೆ ಕೂತು ವಾಪಸ್ ಬರುತ್ತೇವೆ. ಕಷ್ಟ ಏನು ಅಂದರೆ ಹಳೇ ಮನೆಗಳು. 60×40 ಸೈಟಿನಲ್ಲಿ ಹೆಂಚಿನ ಮನೆ, ಹಿಂದೆ ಮಾವಿನ ಮರ, ಎರಡು ತೆಂಗು. ನೋಡಲು ಎಷ್ಟು ಚೆಂದ ಅಲ್ವಾ? ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವವರನ್ನು ಹುಡುಕಬೇಕು, ಈಗ ಅವರು ಸಿಗುವುದೇ ಇಲ್ಲ. ಕಾಯಿ ಕೀಳುವವರೂ ಹಾಗೇ. ನಾವು ಅದಕ್ಕೇ ಅಂಥ ಮನೆ ಬಿಟ್ಟು, ಚಿಕ್ಕ ಅಪಾರ್ಟ್‌ಮೆಂಟಿನ ಮೊದಲನೇ ಮಹಡಿ ತೆಗೆದುಕೊಂಡೆವು. ಲಿಫ್ಟ್ ಕೆಟ್ಟ ದಿನವೂ ಹತ್ತಿ ಇಳಿಯಬಹುದು.

ಕೃಷ್ಣಮೂರ್ತಿಪುರಂ, ಲಕ್ಷ್ಮೀಪುರಂ, ಚಾಮರಾಜಪುರಂ ಕಡೆಯೂ ನೋಡಿ. ಅಗ್ರಹಾರದ ಮಾರ್ಕೆಟ್, ಜೆಎಸ್‌ಎಸ್ ಆಸ್ಪತ್ರೆ ಹತ್ತಿರ. ಮಂಡ್ಯದವರಿಗೆ ಇನ್ನೊಂದು ಅನುಕೂಲ, ಚಾಮರಾಜಪುರಂನಲ್ಲೇ ರೈಲ್ವೆ ಸ್ಟೇಷನ್ ಇದೆ, ಕೆಲವು ರೈಲುಗಳು ಅಲ್ಲೂ ನಿಲ್ಲುತ್ತವೆ. ಆದರೆ ಅರಮನೆಗೆ ಹತ್ತಿರವಾದಷ್ಟೂ ದಸರಾ ಸಮಯದಲ್ಲಿ ರಸ್ತೆ ಬಂದ್, ಒನ್‌ವೇ, ಜನಸಂದಣಿ. ತುರ್ತಾಗಿ ಆಸ್ಪತ್ರೆಗೆ ಹೋಗುವ ದಾರಿ ಆಗ ಯಾವುದು ಅಂತ ಮೊದಲೇ ತಿಳಿದುಕೊಂಡಿರಿ. ಗೋಕುಲಂ, ಜಯಲಕ್ಷ್ಮೀಪುರಂ ಚೆನ್ನಾಗಿವೆ, ಆದರೆ ಮಗಳ ಮನೆಯಿಂದ ಊರಿನ ಇನ್ನೊಂದು ಕಡೆ. ನಿಮಗೆ ಬೇಡ.

ಎಷ್ಟೋ ಜನ ಕೆಳಗೆ ತಾವು ಇದ್ದು ಮೇಲಿನ ಪೋರ್ಷನ್ ಬಾಡಿಗೆಗೆ ಕೊಡೋಣ, ಪಿಂಚಣಿಗೆ ಸೇರುತ್ತದೆ ಅನ್ನುತ್ತಾರೆ. ದುಡ್ಡು ಬರುವುದು ನಿಜ. ಸಂಪಿನ ಮೋಟಾರ್ ಸುಟ್ಟರೆ ರಾತ್ರಿ ಹತ್ತಕ್ಕೆ ಅವರು ಬಂದು ತಟ್ಟುವುದೂ ನಿಮ್ಮ ಬಾಗಿಲನ್ನೇ. ಕೆಲಸ ಕಡಿಮೆ ಇರಬೇಕು ಅಂದರೆ ಇದು ಬೇಡ. ಅಪಾರ್ಟ್‌ಮೆಂಟ್ ಆದರೆ ಸಂಘ ರಿಜಿಸ್ಟರ್ ಆಗಿದೆಯಾ, ಎಲ್ಲರೂ ತಿಂಗಳ ದುಡ್ಡು ಕಟ್ಟುತ್ತಾರಾ, ಕರೆಂಟ್ ಹೋದರೆ ಲಿಫ್ಟ್‌ಗೆ ಜನರೇಟರ್ ಇದೆಯಾ ಕೇಳಿ. ಇ-ಖಾತೆ (ಆಸ್ತಿಯ ಆನ್‌ಲೈನ್ ದಾಖಲೆ) ಇಲ್ಲದ್ದನ್ನು, ಮುಂದೆ ಮಾಡಿಸಿಕೊಡುತ್ತೇವೆ ಅನ್ನುವುದನ್ನು ಮುಟ್ಟಲೇಬೇಡಿ. ಈ ವಯಸ್ಸಿನಲ್ಲಿ ಕಚೇರಿ ಸುತ್ತುವ ಶಕ್ತಿ ಯಾರಿಗಿದೆ?

ದಯವಿಟ್ಟು ಮೊದಲು ಬಾಡಿಗೆಗೆ ಬನ್ನಿ. 11 ತಿಂಗಳ ಕರಾರು ಮಾಡಿಕೊಂಡು ಆ ಏರಿಯಾದಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಿರಿ. ಮಂಡ್ಯದ ಮನೆ ಮಾರಿದರೆ ತೆರಿಗೆ ಬೀಳುತ್ತದಲ್ಲ ಅಂತ ಅವಸರ ಬೇಡ. ಆ ತೆರಿಗೆ ಬೀಳದ ಹಾಗೆ, ಹಳೇ ಮನೆ ಮಾರಿದ ಲಾಭವನ್ನು ಇನ್ನೊಂದು ಮನೆ ಕೊಳ್ಳಲು ಹಾಕುವುದಕ್ಕೆ ಮಾರಿದ ದಿನದಿಂದ 2 ವರ್ಷ ಟೈಮ್ ಇದೆ, ಕಟ್ಟಿಸುವುದಾದರೆ 3 ವರ್ಷ. ಅಷ್ಟರೊಳಗೆ ರಿಟರ್ನ್ ಸಲ್ಲಿಸುವ ಕೊನೇ ದಿನ ಬಂದರೆ, ಉಳಿದ ಹಣವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಡಬೇಕು. ಆಡಿಟರ್ ಹತ್ತಿರ ಕೂತು ಇದನ್ನು ಸರಿಯಾಗಿ ಮಾತಾಡಿ. ಭೋಗ್ಯಕ್ಕೆ, ಅಂದರೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಇರುವುದಕ್ಕೆ ಮಾತ್ರ ಹೋಗಬೇಡಿ. ಬಾಡಿಗೆ ಇಲ್ಲ ಅಂತ ಆಸೆಯಾಗುತ್ತದೆ, ಆದರೆ ಅವಧಿ ಮುಗಿದಾಗ ಇನ್ನೊಬ್ಬ ಭೋಗ್ಯದವರು ಬಂದ ಮೇಲೆ ನಿಮ್ಮ ದುಡ್ಡು ಕೊಡುತ್ತೇನೆ ಅನ್ನುವ ಮಾಲೀಕರೇ ಹೆಚ್ಚು. ನಿವೃತ್ತಿಯ ದುಡ್ಡು ಹಾಗೆ ಸಿಕ್ಕಿಹಾಕಿಕೊಳ್ಳಬಾರದು.

ಒಂದು ಮಾತು ಕೇಳಲೇಬೇಕು. ಮಗಳು ಅಳಿಯಂದಿರಿಗೆ ನಾಳೆ ಪುಣೆಗೋ ಹೈದರಾಬಾದಿಗೋ ವರ್ಗವಾದರೆ? ನಮ್ಮ ಪಕ್ಕದ ಮನೆಯವರಿಗೆ ಹಾಗೇ ಆಯಿತು. ಅವರು ಆರಿಸಿದ್ದು ನಡೆದು ಓಡಾಡುವ ಏರಿಯಾ ಆಗಿದ್ದರಿಂದ, ಅಷ್ಟರಲ್ಲಿ ಪಾರ್ಕಿನಲ್ಲಿ ನಾಲ್ಕು ಜನ ಪರಿಚಯ ಆಗಿದ್ದರಿಂದ, ಬೇಜಾರಾದರೂ ಬದುಕು ನಿಲ್ಲಲಿಲ್ಲ. ಮಕ್ಕಳಿಗಾಗಿ ಬನ್ನಿ, ಆದರೆ ಅವರು ಹೋದರೂ ನೀವಿರಬಹುದಾದ ಜಾಗಕ್ಕೆ ಬನ್ನಿ. ಅದು ಸಿಗದಿದ್ದರೆ ಮಂಡ್ಯದಲ್ಲೇ ಇರುವುದೂ ತಪ್ಪಲ್ಲ. ಮೈಸೂರು 45 ಕಿ.ಮೀ. ಅಷ್ಟೇ, ರೈಲಿದೆ, ಮನೆಯವರಿಗೆ 2023ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಪುಕ್ಕಟೆ. ದೊಡ್ಡ ಮನೆ ಮಾರಿ ವಿ.ವಿ. ರಸ್ತೆಗೆ ಹತ್ತಿರ ಚಿಕ್ಕದು ತೆಗೆದುಕೊಂಡರೆ ಮಾರ್ಕೆಟ್ಟು, ಮಿಮ್ಸ್ ಆಸ್ಪತ್ರೆ ಕೈಗೆಟುಕುತ್ತವೆ, ಹಳೇ ಸ್ನೇಹಿತರೂ ಉಳಿಯುತ್ತಾರೆ.

ಮನೆ ನೋಡಲು ಭಾನುವಾರ ಬರಬೇಡಿ, ವಾರದ ದಿನ ಬನ್ನಿ. ಸಂಜೆ ಏಳು ಗಂಟೆಗೆ ಇಬ್ಬರೂ ಒಂದು ಚೀಲ ಹಿಡಿದು ಆ ರಸ್ತೆಯಲ್ಲಿ ನಡೆಯಿರಿ. ಬೀದಿ ದೀಪ ಉರಿಯುತ್ತಿದೆಯಾ, ಫುಟ್‌ಪಾತ್ ಮೇಲೆ ಗಾಡಿ ನಿಲ್ಲಿಸಿದ್ದಾರಾ, ನಿಮ್ಮ ಮನೆಯವರು ಕೈ ಹಿಡಿಯದೆ ರಸ್ತೆ ದಾಟುತ್ತಾರಾ, ಎಲ್ಲ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಮಗಳ ಮನೆ ಕುವೆಂಪುನಗರದ ಯಾವ ಬ್ಲಾಕಿನಲ್ಲಿದೆ ಹೇಳಿ. ಐ ಬ್ಲಾಕ್, ಎಂ ಬ್ಲಾಕ್ ಕಡೆ ನಮ್ಮ ಪರಿಚಯದವರಿದ್ದಾರೆ, ಖಾಲಿ ಮನೆ ಇದ್ದರೆ ಕೇಳಿ ತಿಳಿಸುತ್ತೇನೆ.