ಮೇನ್ ರೋಡ್ ಕ್ಯಾಮೆರಾ ವಿಚಾರ – ಅರ್ಜಿ ಬರೆಯೋಕೆ ಮೊದ್ಲು ಎಲ್ರೂ ಇಲ್ಲೇ ಹೇಳ್ರಿ

ಅಡ್ಮಿನ್ (ನಿವಾಸಿಗಳ ಸಂಘ): ಎಲ್ರಿಗೂ ನಮಸ್ಕಾರ. ಮೇನ್ ರೋಡಲ್ಲಿ ಸ್ಪೀಡ್ ಹಿಡಿದು ದಂಡದ ನೋಟಿಸ್ ಕಳಿಸೋ ಕ್ಯಾಮೆರಾ ಬಗ್ಗೆ ಒಬ್ಬೊಬ್ರೇ ನಂಗೆ ಫೋನ್ ಮಾಡಿ ಬೈಯ್ಯೋದು ಬಿಟ್ಟು ಇಲ್ಲೇ ಹಾಕ್ರಿ. ಭಾನುವಾರ ಸಂಜೆ ಗುಡಿ ಕಟ್ಟೆ ಮ್ಯಾಲೆ ಮೀಟಿಂಗ್, ಸೋಮವಾರ ಅರ್ಜಿ ಕೊಡೋದು. ಏನ್ ಕೇಳ್ಬೇಕು ಅನ್ನೋದು ಅಷ್ಟ್ರೊಳಗ ಕ್ಲಿಯರ್ ಆಗ್ಲಿ. ಇವತ್ತೊಂದಿನ ಗುಡ್ ಮಾರ್ನಿಂಗ್ ಫೋಟೋ ಬ್ಯಾಡ.

ಮಂಜು, 3ನೇ ಕ್ರಾಸ್: ನಾನೇ ಶುರು ಮಾಡ್ತೀನಿ. ಮೆಡಿಕಲ್ ಸಪ್ಲೈ ಮಾಡೋನು, ದಿನಾ ಅದೇ ರೋಡಲ್ಲಿ ಹತ್ತು ಸಲ ಓಡಾಡ್ತೀನಿ. ಬ್ರಿಡ್ಜ್ ಇಳಿಯೋ ಕಡೆ ಬೇವಿನ ಮರದ ಸಂದಿಗೆ ಕ್ಯಾಮೆರಾ ನಿಲ್ಲಿಸ್ಯಾರೆ, ಅಲ್ಲಿ ಗಾಡಿ ತಾನೇ ಸ್ಪೀಡ್ ಆಗ್ತೈತೆ, ಆಕ್ಸಿಲೇಟರ್ ಮುಟ್ಟೋದೇ ಬ್ಯಾಡ. ಸ್ಪೀಡ್ ಲಿಮಿಟ್ ಎಷ್ಟು ಅಂತ ಎಲ್ಲೂ ಬೋರ್ಡಿಲ್ಲ. ನೋಟಿಸ್ ಬಂದ್ಮೇಲೇ ನಂಗೆ ಗೊತ್ತಾಗಿದ್ದು ಅಲ್ಲೊಂದು ಲಿಮಿಟ್ ಐತೆ ಅಂತ. ಇದು ಸೇಫ್ಟಿನಾ? ಇದು ವಸೂಲಿ ಕಣ್ರೀ. ಸೇಫ್ಟಿಗೆ ಹಾಕೋ ದಂಡ ಆಗಿದ್ರೆ ಆಷಾಢ ಸೇಲ್ ಥರ 50 ಪರ್ಸೆಂಟ್ ಡಿಸ್ಕೌಂಟ್ ಯಾಕ್ ಕೊಡ್ತಾರೆ? 2023ರ ಫೆಬ್ರವರಿಯಲ್ಲಿ ಕೊಟ್ರು, 2025ರ ಆಗಸ್ಟ್‌ನಲ್ಲಿ ಮತ್ತೆ ಕೊಟ್ರು. ಕಾಯ್ಕಂಡು ಕೂತೋನು ಅರ್ಧ ಕಟ್ಟಿದ, ಮರುದಿನಾನೇ ನಿಯತ್ತಾಗಿ ಕಟ್ಟಿದೋನು ಪೂರ್ತಿ ಕಟ್ಟಿದ. ಯಾರ್ ಶಾಣ್ಯಾ ಆದ ಹೇಳ್ರಿ.

ರವಿ ಕಿರಾಣಿ: ಮಂಜಣ್ಣಂದು 100ಕ್ಕೆ 100 ಕರೆಕ್ಟ್. ಕ್ಯಾಮೆರಾ ತೆಗಿಸ್ರಿ ಅಂತಾನೇ ಅರ್ಜಿ ಬರೀರಿ.

ಗೀತಾ ಸಿಸ್ಟರ್, 1ನೇ ಕ್ರಾಸ್: ತೆಗಿಸ್ರಿ ಅಂತ ಬರೆದ್ರೆ ನಾನು ಸಹಿ ಹಾಕಲ್ಲ, ಈಗ್ಲೇ ಹೇಳ್ತೀನಿ. ನಂದು ಎಮರ್ಜೆನ್ಸಿ ವಾರ್ಡ್ ಡ್ಯೂಟಿ. ರಾತ್ರಿ ಪಾಳಿಯಲ್ಲಿ ಹುಡುಗ್ರನ್ನ ಸ್ಟ್ರೆಚರ್ ಮ್ಯಾಲೆ ತರ್ತಾರಲ್ಲ, ಹಿಂದಿಂದ ಅವರ ಫ್ರೆಂಡ್ ಕೈಯಾಗ ಹೆಲ್ಮೆಟ್ ಹಿಡ್ಕಂಡು ಬರ್ತಾನೆ, ಅದಕ್ಕೊಂದು ಗೀರೂ ಬಿದ್ದಿರಲ್ಲ, ಯಾಕಂದ್ರೆ ಅದು ತಲೆ ಮ್ಯಾಲೆ ಇರ್ಲಿಲ್ಲ, ಪೆಟ್ರೋಲ್ ಟ್ಯಾಂಕ್ ಮ್ಯಾಲಿತ್ತು. ಇಲ್ಲಾಂದ್ರೆ ತಲೆಗೆ ಹಾಕಿರ್ತಾರೆ, ಪಟ್ಟಿ ಹಾಕಿರಲ್ಲ, ಬೀಳೋಕೆ ಮೊದ್ಲೇ ಅದು ಹಾರಿ ಹೋಗಿರ್ತೈತೆ. ಕೇಂದ್ರ ಸರ್ಕಾರದ ಲೆಕ್ಕದಲ್ಲೇ 2022ರಲ್ಲಿ ದೇಶದಾಗ ರಸ್ತೆ ಮ್ಯಾಲೆ ಸತ್ತೋರು 1,68,491 ಜನ, ಅದ್ರಾಗ ಹೆಲ್ಮೆಟ್ ಇಲ್ಲದೆ ಸತ್ತೋರೇ 50 ಸಾವಿರ ದಾಟ್ಯಾರೆ. ಹೆಲ್ಮೆಟ್ ದಂಡ 500 ರೂಪಾಯಿಗೆ ಇಷ್ಟು ಗಲಾಟೆ ಮಾಡ್ತೀರಿ, ಒಂದು ತಲೆ ಸ್ಕ್ಯಾನಿಂಗ್ ಎಷ್ಟಾಗ್ತೈತೆ ಅಂತ ವಾರ್ಡಿಗೆ ಬಂದು ಕೇಳ್ರಿ.

ಮಂಜು, 3ನೇ ಕ್ರಾಸ್: ಅಕ್ಕ, ಹೆಲ್ಮೆಟ್‌ಗೆ ನಾನ್ ಏನೂ ಅಂದಿಲ್ಲ, ನಾನು ಹಾಕ್ತೀನಿ. ನಂದು ಸ್ಪೀಡ್ ಕೇಸು.

ಹನುಮಂತಪ್ಪ (ರಿಟೈರ್ಡ್ ಬಸ್ ಡ್ರೈವರ್): ಮಂಜು, ನಾ ಜೀವನಪೂರ್ತಿ ಸ್ಟೇರಿಂಗ್ ಹಿಡದಂವ, ಸಿಟ್ಟಾಗಬ್ಯಾಡ. 40ರಾಗ ಹೊಂಟ್ರ ಒಂದು ಸೆಕೆಂಡಿಗೆ 11 ಮೀಟರ್ ಮುಂದ ಹೋಗ್ತೈತಿ ಗಾಡಿ. 60ರಾಗ ಹೊಂಟ್ರ ಹದಿನೇಳು ಹತ್ರ. ಹುಡುಗ ಅಡ್ಡ ಬಂದ ಅಂತ ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗೋದ್ರೊಳಗ ಅಷ್ಟು ದೂರ ಮುಗೀತು, ಆಮ್ಯಾಲೆ ಬ್ರೇಕ್ ಹಿಡದು ನಿಲ್ಲೋ ದೂರ ಬ್ಯಾರೆ, ಅದು 40ಕ್ಕ ಇದ್ದದ್ದು 60ಕ್ಕ ಎರಡು ಪಟ್ಟಿಗಿಂತ ಜಾಸ್ತಿ ಆಗ್ತೈತಿ. ಇಳಿಜಾರಾಗ ಇನ್ನೂ ಜಾಸ್ತಿ. ಗಾಡಿ ತಾನೇ ಓಡ್ತೈತಿ ಅಂದ್ರ ಗೇರ್ ಇಳಿಸಪ್ಪ, ಅದಕ್ಕ ಕ್ಯಾಮೆರಾ ಏನ್ ಮಾಡ್ತೈತಿ. ಆದ್ರ ನೀ ಬೋರ್ಡಿಲ್ಲ ಅಂದಿ ನೋಡು, ಅದು ಖರೇ ಮಾತು. ಬೋರ್ಡ್ ಹಾಕ್ದೆ ಹಿಡಿಯೋದು ಸರಿ ಅಲ್ಲ.

ರವಿ ಕಿರಾಣಿ: ಫಾರ್ವರ್ಡ್ ಆಗಿ ಬಂದೈತೆ, ಒಂದೊಂದು ಚಲನ್‌ಗೆ ಕ್ಯಾಮೆರಾ ಕಂಪನಿಗೆ ಇಂತಿಷ್ಟು ಕಮಿಷನ್ ಅಂತೆ ನೋಡ್ರಿ

ಅಡ್ಮಿನ್ (ನಿವಾಸಿಗಳ ಸಂಘ): ರವಿ, ಅದನ್ನ ಡಿಲೀಟ್ ಮಾಡೀನಿ. ಯಾವ ಕಂಪನಿ, ಯಾವ ಊರು, ಯಾವ ಆರ್ಡರ್ ಏನೂ ಇಲ್ಲ ಅದ್ರಾಗ. ಅರ್ಜಿಯಾಗ ಅದನ್ನ ಬರೆದ್ರೆ ನಮ್ಮನ್ನೇ ಕೂರಿಸ್ಕಂಡು ಕೇಳ್ತಾರೆ. ಇನ್ನೊಂದು, ನಿನ್ನೆ ಯಾರೋ ಈ-ಚಲನ್ ಅಂತ ಒಂದು ಎಪಿಕೆ ಫೈಲ್ ಹಾಕಿದ್ರು, ಯಾರೂ ಓಪನ್ ಮಾಡಬ್ಯಾಡ್ರಿ, ಇನ್‌ಸ್ಟಾಲ್ ಮಾಡಿದ್ರೆ ಬ್ಯಾಂಕ್ ಅಕೌಂಟೇ ಖಾಲಿ. ಚಲನ್ ಇದೆಯೋ ಇಲ್ವೋ ಅಂತ ಸರ್ಕಾರದ ಪರಿವಾಹನ್ ವೆಬ್‌ಸೈಟಲ್ಲಿ ಗಾಡಿ ನಂಬರ್ ಹಾಕಿ ನೀವೇ ನೋಡ್ಕಳ್ರಿ.

ವಕೀಲ್ರು, 2ನೇ ಮೇನ್: ಕಾನೂನು ಏನೈತೆ ಹೇಳಿಬಿಡ್ತೀನಿ, ಆಮೇಲೆ ಜಗಳ ಆಡ್ರಿ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 136ಎ ಅಂತ ಒಂದು ಸೆಕ್ಷನ್ ಸೇರಿಸಿದ್ರು, ಕ್ಯಾಮೆರಾ ಇಟ್ಟು ಹಿಡಿಯೋಕೆ ಬುನಾದಿ ಅದೇ. ಅದಕ್ಕೆ ರೂಲ್ಸ್ ಬಂದಿದ್ದು 2021ರ ಆಗಸ್ಟ್‌ನಲ್ಲಿ, ರೂಲ್ 167ಎ. ಅದನ್ನ ಓದಿದ್ರೆ ನಮಗೆ ಬೇಕಾಗಿದ್ದೆಲ್ಲಾ ಅಲ್ಲೇ ಐತೆ. ಕ್ಯಾಮೆರಾ ಇರೋ ರೋಡಿಗೆ ಮೊದ್ಲೇ, ಜನಕ್ಕೆ ಕಾಣೋ ಹಂಗೆ ಎಚ್ಚರಿಕೆ ಬೋರ್ಡ್ ಇರ್ಬೇಕು. ಆ ಮಷೀನಿಗೆ ಅಪ್ರೂವಲ್ ಸರ್ಟಿಫಿಕೇಟ್ ಇರ್ಬೇಕು, ಅದನ್ನ ವರ್ಷಾ ವರ್ಷಾ ರಿನ್ಯೂ ಮಾಡಿಸ್ಬೇಕು. ನೋಟಿಸ್ 15 ದಿನದೊಳಗೆ ಕಳಿಸ್ಬೇಕು, ಅದ್ರಲ್ಲಿ ನಂಬರ್ ಪ್ಲೇಟ್ ಕಾಣೋ ಫೋಟೋ, ಮಷೀನ್ ಅಳೆದ ಸ್ಪೀಡು, ತಾರೀಕು, ಟೈಮು, ಜಾಗ, ಯಾವ ಸೆಕ್ಷನ್ ಅನ್ನೋದು ಎಲ್ಲಾ ಇರ್ಬೇಕು. ಜಾಗದ ಬಗ್ಗೇನೂ ಹೇಳೈತೆ, ಹೈವೇಲಿ ಅಪಾಯ ಜಾಸ್ತಿ ಇರೋ ಕಡೆ, ಗಾಡಿ ಜಾಸ್ತಿ ಇರೋ ಕಡೆ, ದೊಡ್ಡ ಊರುಗಳಲ್ಲಿ ಮುಖ್ಯ ಜಂಕ್ಷನ್‌ಗಳಲ್ಲಿ ಹಾಕ್ರಿ ಅಂತ. ಸುಪ್ರೀಂ ಕೋರ್ಟ್ ಸಹ 2024ರಲ್ಲಿ 136ಎ ಜಾರಿ ಮಾಡ್ರಿ ಅಂತ ರಾಜ್ಯಗಳಿಗೆ ಹೇಳಿರೋದ್ರಿಂದ ಕ್ಯಾಮೆರಾನೇ ಬ್ಯಾಡ ಅನ್ನೋ ಅರ್ಜಿ ನಿಲ್ಲಲ್ಲ. ಕ್ಯಾಮೆರಾ ಹಾಕೋ ರೀತೀಲಿ ಹಾಕ್ರಿ ಅನ್ನೋ ಅರ್ಜಿ ನಿಲ್ತೈತೆ.

ಮಂಜು, 3ನೇ ಕ್ರಾಸ್: ಸರ್, ದುಡ್ಡು ಯಾರಿಗೆ ಹೋಗ್ತೈತೆ ಅದನ್ನೂ ಹೇಳ್ರಿ. ಪಾಲಿಕೆಯೋರು ಈ ದುಡ್ಡಲ್ಲಿ ಗುಂಡಿನಾದ್ರೂ ಮುಚ್ಚಬಹುದಲ್ಲ.

ವಕೀಲ್ರು, 2ನೇ ಮೇನ್: ಅಲ್ಲೇ ಎಲ್ರೂ ಗೊಂದಲ ಮಾಡ್ಕಳ್ಳೋದು. ಟ್ರಾಫಿಕ್ ದಂಡ ಪಾಲಿಕೆಗೆ ಹೋಗಲ್ಲ, ರಾಜ್ಯ ಸರ್ಕಾರದ ಖಜಾನೆಗೆ ಹೋಗ್ತೈತೆ. ನಮ್ಮ ಬೀದಿ ದೀಪ, ಹಂಪು, ಜೀಬ್ರಾ ಪಟ್ಟಿ ಇವೆಲ್ಲಾ ರೋಡ್ ಯಾರ್ದೋ ಅವರ ಕೆಲ್ಸ, ಪಾಲಿಕೆದಾದ್ರೆ ಪಾಲಿಕೆ, ಪಿಡಬ್ಲ್ಯೂಡಿ ಆದ್ರೆ ಪಿಡಬ್ಲ್ಯೂಡಿ. ಹಿಡಿಯೋರು ಒಬ್ರು, ದುಡ್ಡು ಸೇರೋದು ಇನ್ನೊಬ್ರಿಗೆ, ರೋಡ್ ಸರಿ ಮಾಡೋರು ಮೂರನೇಯೋರು. ನಮ್ಮ ರೋಡಲ್ಲಿ ವಸೂಲಾಗಿದ್ದು ನಮ್ಮ ರೋಡಿಗೆ ಬರೋ ದಾರಿನೇ ಇಲ್ಲ. ಅದಕ್ಕೇ ಒಂದು ಅರ್ಜಿ ಸಾಲಲ್ಲ, ಎರಡು ಬೇಕು.

ಶ್ರೀದೇವಿ, 4ನೇ ಕ್ರಾಸ್: ಎಲ್ರೂ ದಂಡದ್ದೇ ಮಾತಾಡ್ತಾ ಇದೀರಿ, ಸ್ಕೂಲ್ ಗೇಟ್ ಕಡೆ ಯಾರಾದ್ರೂ ಬೆಳಿಗ್ಗೆ ಎಂಟೂವರೆಗೆ ಬಂದು ನಿಂತಿದೀರಾ? ಕ್ಯಾಮೆರಾ ಇರೋದು ಬ್ರಿಡ್ಜ್ ಹತ್ರ, ಅಲ್ಲಿ ರೋಡ್ ದಾಟೋ ಮನುಷ್ಯರೇ ಇಲ್ಲ, ಎರಡೂ ಕಡೆ ಗೋಡೆ. ಮಕ್ಕಳು ದಾಟೋದು ಅಲ್ಲಿಂದ ಮುಂದೆ ಸ್ಕೂಲ್ ಹತ್ರ. ಜೀಬ್ರಾ ಪಟ್ಟಿ ಹಾಕಿದ್ರು ಒಂದು ಸಲ, ಈಗ ಅಂಚಲ್ಲಿ ಒಂದೆರಡು ಬಿಳಿ ತುಂಡು ಉಳಿದಾವೆ ಅಷ್ಟೆ, ಅದ್ರ ಮ್ಯಾಲೇ ಆಟೋ ನಿಲ್ಲಿಸ್ತಾರೆ. ನನ್ನ ಮಗಳ ಕೈ ಹಿಡ್ಕಂಡು ದಾಟೋವಾಗ ಬೈಕ್‌ನೋರು ಏನ್ ಮಾಡ್ತಾರೆ ಗೊತ್ತಾ, ಕ್ಯಾಮೆರಾ ಹತ್ರ ನಿಧಾನ ಬಂದಿರ್ತಾರೆ, ಅದು ದಾಟಿದ್ ಕೂಡ್ಲೇ ಆ ಸಿಟ್ಟೆಲ್ಲಾ ತೀರಿಸ್ಕಳ್ಳೋ ಹಂಗೆ ಎಳೀತಾರೆ, ಕರೆಕ್ಟಾಗಿ ಸ್ಕೂಲ್ ಮುಂದೆ ಬರೋ ಹೊತ್ತಿಗೆ ಫುಲ್ ಸ್ಪೀಡ್. ಕ್ಯಾಮೆರಾ ಬಂದ್ಮೇಲೆ ನಮಗೆ ಇನ್ನೂ ಕಷ್ಟ ಆಗೈತೆ ಅಂದ್ರೆ ನಂಬ್ತೀರಾ. ನಂಗೆ ಕ್ಯಾಮೆರಾ ಬೇಕು. ಆದ್ರೆ ಅಲ್ಲಲ್ಲ, ಇಲ್ಲಿ ಬೇಕು.

ಗೀತಾ ಸಿಸ್ಟರ್, 1ನೇ ಕ್ರಾಸ್: ಶ್ರೀದೇವಿ ಹೇಳಿದ್ದಕ್ಕೆ ನನ್ನ ಸಹಿ ಮೊದ್ಲು.

ಪ್ರಶಾಂತ್, 5ನೇ ಕ್ರಾಸ್ (ಈಗ ಬೆಂಗಳೂರು): ದೂರದಿಂದ ಒಂದು ಮಾತು. ಕ್ಯಾಮೆರಾದಿಂದ ಪ್ರಯೋಜನ ಇಲ್ಲ ಅನ್ನೋದು ತಪ್ಪು, ಬೇರೆ ಬೇರೆ ದೇಶಗಳ 35 ಅಧ್ಯಯನ ಒಟ್ಟಿಗೆ ನೋಡಿ, ಆರೋಗ್ಯ ಸಂಶೋಧನೆಗಳನ್ನ ಪರಿಶೀಲಿಸೋ ಕಾಕ್ರೇನ್ ಸಂಸ್ಥೆಯೋರು 2010ರಲ್ಲಿ ಹೇಳಿದ್ದು, ಸ್ಪೀಡ್ ಕ್ಯಾಮೆರಾ ಇರೋ ಕಡೆ ಆಕ್ಸಿಡೆಂಟ್ ಕಮ್ಮಿ ಆಗ್ತಾವೆ ಅಂತ. ಎಷ್ಟು ಕಮ್ಮಿ ಅನ್ನೋದು ಮಾತ್ರ ಒಂದೊಂದು ಕಡೆ ಒಂದೊಂದು ಥರ. ಬೆಂಗಳೂರು–ಮೈಸೂರು ಹೈವೇಲಿ 2024ರಲ್ಲಿ ಕ್ಯಾಮೆರಾ ಹಾಕಿದ್ರಲ್ಲ, ಸಾವು ಕಮ್ಮಿ ಆಯ್ತು ಅಂತ ಎಲ್ರೂ ಅದಕ್ಕೇ ಕ್ರೆಡಿಟ್ ಕೊಡ್ತಾರೆ, ಆದ್ರೆ ಅಲ್ಲಿ 2023ರ ಆಗಸ್ಟ್ 1ರಿಂದಾನೇ ಬೈಕು ಆಟೋ ಬಂದ್ ಮಾಡಿದ್ರು, ಪೊಲೀಸ್ರು ಸ್ಪೀಡ್ ಗನ್ ಹಿಡ್ಕಂಡು ನಿಂತಿದ್ರು. ಯಾವುದರಿಂದ ಎಷ್ಟು ಅಂತ ಬಿಡಿಸಿ ಹೇಳೋದು ಕಷ್ಟ. ನಮ್ಮೂರಲ್ಲೂ ಅಷ್ಟೇ, ಹಾಕೋಕೆ ಮೊದ್ಲು ಎಷ್ಟು ಆಕ್ಸಿಡೆಂಟು, ಹಾಕಿದ್ಮೇಲೆ ಎಷ್ಟು, ಆ ಎರಡು ನಂಬರ್ ಕೇಳ್ರಿ. ಚಲನ್ ಎಷ್ಟು ಕಲೆಕ್ಟ್ ಆಯ್ತು ಅನ್ನೋದನ್ನ ಪ್ರೆಸ್ ನೋಟಲ್ಲಿ ದೊಡ್ಡದಾಗಿ ಹಾಕ್ತಾರೆ, ಎಷ್ಟು ಜೀವ ಉಳೀತು ಅನ್ನೋದು ಹುಡುಕಿದ್ರೂ ಸಿಗಲ್ಲ, ನನಗೆ ಡೌಟ್ ಬರೋದೇ ಅಲ್ಲಿ. ಇನ್ನೊಂದು, ಎರಡು ಕಡೆ ಕ್ಯಾಮೆರಾ ಇಟ್ಟು ನಡುವೆ ಬರೋಕೆ ಎಷ್ಟು ಹೊತ್ತು ತಗಂಡ ಅಂತ ಲೆಕ್ಕ ಹಾಕೋ ಸಿಸ್ಟಂ ಇದೆ, ಅದಿದ್ರೆ ಶ್ರೀದೇವಿ ಅಕ್ಕ ಹೇಳಿದ ಹಂಗೆ ದಾಟಿದ ಕೂಡ್ಲೇ ಎಳೆಯೋ ಆಟ ನಡೆಯಲ್ಲ.

ಖಾದರ್ ಭಾಯ್ (ಗ್ಯಾರೇಜ್): ನನ್ನ ಮಾತು ಸ್ವಲ್ಪ ಕೇಳ್ರಿ, ಇಷ್ಟೊತ್ತು ಸುಮ್ಮನೆ ಓದ್ತಾ ಇದ್ದೆ, ಕೈಯೆಲ್ಲಾ ಆಯಿಲ್. ನೀವೆಲ್ಲಾ ಬೈಕು ಸ್ಕೂಟಿ ಅಂತೀರಿ. ಹೊಸಪೇಟೆ ರೋಡ್ ಕಡೆಯಿಂದ ರಾತ್ರಿ ಬರೋ ಲಾರಿ ಟಿಪ್ಪರ್ ನೋಡೀರಾ, ಹಿಂದೆ ನಂಬರ್ ಪ್ಲೇಟ್ ಎಲ್ಲೈತೆ ಹೇಳ್ರಿ? ಅದಿರಿನ ಕೆಂಪು ಧೂಳು ಪ್ಲೇಟ್ ಮ್ಯಾಲೆ ದಪ್ಪಗೆ ಕೂತಿರ್ತೈತೆ, ಮಳೆ ಬಂದ್ರೆ ಅದೇ ಗಟ್ಟಿ ಆಗಿ ಪೇಂಟ್ ಥರ ಹಿಡ್ಕಂತೈತೆ, ನಾನು ಬೆರಳಿಂದ ಒರೆಸಿದ್ರೂ ಕೆಎ 34 ಅನ್ನೋದೇ ಸರಿಯಾಗಿ ಕಾಣಲ್ಲ, ಮುಂದಿನ ನಂಬರ್ ದೂರದ ಮಾತು. ಕ್ಯಾಮೆರಾಕ್ಕೆ ಏನ್ ಕಾಣ್ತೈತೆ? ಫೋಟೋ ತೆಗೀತೈತೆ, ನಂಬರ್ ಓದೋಕಾಗಲ್ಲ, ಬಿಟ್ಟಾಕ್ತಾರೆ. ಮಂಜು ಬೈಕ್ ಪ್ಲೇಟು ಪಳಪಳ ಅಂತೈತೆ, ಹೊಸಾ ಎಚ್‌ಎಸ್‌ಆರ್‌ಪಿ ಬ್ಯಾರೆ ಹಾಕ್ಸಿದಾನೆ ಪಾಪ, ಅವನಿಗೇ ನೋಟಿಸ್. ಪ್ಲೇಟ್ ತೊಳ್ಕಂಡು ಓಡಾಡೋನು ಸಿಕ್ಕಿಬೀಳ್ತಾನೆ, ತೊಳೀದೆ ಇರೋನು ರಾಜ. ಇನ್ನು ನಮ್ಮ ಹುಡುಗ್ರು, ಪ್ಲೇಟ್ ಮ್ಯಾಲಕ್ಕೆ ಬಗ್ಗಿಸ್ಕೊಡು ಭಾಯ್ ಅಂತ ಗ್ಯಾರೇಜಿಗೆ ಬರ್ತಾರೆ, ನಾನು ಬೈದು ಕಳಿಸ್ತೀನಿ, ಇನ್ನೊಂದು ಗ್ಯಾರೇಜ್‌ನಲ್ಲಿ ಮಾಡಿಸ್ಕಂತಾರೆ. ಕ್ಯಾಮೆರಾ ಎಷ್ಟಾದ್ರೂ ಹಾಕ್ಲಿ, ರಾತ್ರಿ ಒಬ್ಬ ಮನುಷ್ಯ ನಿಂತು ಲಾರಿ ಸೈಡಿಗೆ ಹಾಕ್ಸಿ ಪ್ಲೇಟ್ ತೊಳೆಯೋ ಅಂತ ಹೇಳೋವರೆಗೂ ದೊಡ್ಡ ಗಾಡಿಗಳು ಸಿಗಲ್ಲ.

ಹನುಮಂತಪ್ಪ (ರಿಟೈರ್ಡ್ ಬಸ್ ಡ್ರೈವರ್): ಭಾಯ್ ಹೇಳಿದ್ದು ಬಂಗಾರದಂಥ ಮಾತು. ಇದನ್ನ ಅರ್ಜಿಯಾಗ ಮೊದಲ ಸಾಲಿನ್ಯಾಗ ಬರೀರಿ.

ರವಿ ಕಿರಾಣಿ: ಲಾರಿ ಓನರ್‌ಗಳು ಯಾರ್ಯಾರು ಅಂತ ಎಲ್ರಿಗೂ ಗೊತ್ತು, ಅವರನ್ನ ಹಿಡೀತಾರಾ 😄

ಅಡ್ಮಿನ್ (ನಿವಾಸಿಗಳ ಸಂಘ): ರವಿ, ಹೆಸರು ಬ್ಯಾಡ. ವಿಷಯ ಇಷ್ಟೇ. ನನ್ನ ಪ್ರಕಾರ ಸೇಫ್ಟಿನೋ ದುಡ್ಡೋ ಅಂತ ಮನಸ್ಸಿನೊಳಗಿರೋದನ್ನ ನಾವು ಸಾಬೀತು ಮಾಡೋಕಾಗಲ್ಲ, ಅದ್ರ ಮ್ಯಾಲೆ ಅರ್ಜಿ ಬರೆದ್ರೆ ಭಾಷಣ ಆಗ್ತೈತೆ. ಕಂಬ ಎಲ್ಲಿ ನೆಟ್ಟಾರೆ ಅನ್ನೋದು ಕಣ್ಣಿಗೆ ಕಾಣ್ತೈತೆ. ಮಕ್ಕಳು ದಾಟೋ ಕಡೆ ಇಲ್ಲ, ಲಾರಿ ತಿರುಗೋ ಕಡೆ ಇಲ್ಲ, ಯಾರೂ ದಾಟದ ಇಳಿಜಾರಲ್ಲಿ, ಬೋರ್ಡಿಲ್ಲದೆ, ಮರದ ಹಿಂದೆ. ಅಷ್ಟನ್ನೇ ಬರೆಯೋಣ, ಉತ್ತರ ಅವರೇ ಕೊಡ್ಲಿ. ವಕೀಲ್ರೇ, ಒಂದು ಡ್ರಾಫ್ಟ್ ಹಾಕ್ತೀರಾ?

ವಕೀಲ್ರು, 2ನೇ ಮೇನ್: ಸದ್ಯಕ್ಕೆ ಹಿಂಗೆ. ಮೊದಲನೇ ಅರ್ಜಿ ಪೊಲೀಸ್ ಇಲಾಖೆಗೆ: ಈಗಿರೋ ಕ್ಯಾಮೆರಾಕ್ಕೆ ರೂಲ್ 167ಎ ಪ್ರಕಾರ ಎಚ್ಚರಿಕೆ ಬೋರ್ಡು ಮತ್ತು ಸ್ಪೀಡ್ ಲಿಮಿಟ್ ಬೋರ್ಡು ಹಾಕ್ರಿ, ಶಾಲೆ ಮುಂದೆ ಇನ್ನೊಂದು ಕ್ಯಾಮೆರಾ ಹಾಕ್ರಿ ಇಲ್ಲಾ ಇದನ್ನೇ ಅಲ್ಲಿಗೆ ಸರಿಸ್ರಿ, ರಾತ್ರಿ ಹೊತ್ತು ನಂಬರ್ ಪ್ಲೇಟ್ ಕಾಣದ ಭಾರಿ ವಾಹನಗಳ ತಪಾಸಣೆ ಮಾಡ್ರಿ. ಎರಡನೇದು ರೋಡ್ ಯಾರ್ದೋ ಅವರಿಗೆ: ಜೀಬ್ರಾ ಪಟ್ಟಿ, ಹಂಪು, ಶಾಲೆ ಇದೆ ಅನ್ನೋ ಬೋರ್ಡು, ಗೇಟ್ ಹತ್ರ ದೀಪ. ಇದರ ಜೊತೆಗೆ ಮಾಹಿತಿ ಹಕ್ಕಲ್ಲಿ ಬೇರೆ ಅರ್ಜಿ, 10 ರೂಪಾಯಿ ಫೀಸು, 30 ದಿನದಲ್ಲಿ ಉತ್ತರ ಕೊಡ್ಬೇಕು: ಆ ಜಾಗ ಆರಿಸಿದ್ದು ಯಾವ ಆಧಾರದ ಮ್ಯಾಲೆ, ಮಷೀನಿನ ಸರ್ಟಿಫಿಕೇಟ್ ಕಾಪಿ, ಹಾಕೋಕೆ ಮೊದ್ಲು ಮತ್ತು ಆಮೇಲೆ ಆಕ್ಸಿಡೆಂಟ್ ಎಷ್ಟು, ನೋಟಿಸ್ ಎಷ್ಟು ಹೋದವು, ಅದ್ರಲ್ಲಿ ಭಾರಿ ವಾಹನಕ್ಕೆ ಎಷ್ಟು. ಖಾದರ್ ಭಾಯ್ ಹೇಳಿದ್ದು ಖರೇನಾ ಅನ್ನೋದು ಕೊನೇ ಪ್ರಶ್ನೆಯಲ್ಲಿ ಗೊತ್ತಾಗ್ತೈತೆ. ಮಾಹಿತಿ ಹಕ್ಕಿನ ಅರ್ಜಿ ಸಂಘದ ಹೆಸರಲ್ಲಿ ಬ್ಯಾಡ, ಯಾರಾದ್ರೂ ಒಬ್ರ ಹೆಸರಲ್ಲಿ ಹಾಕ್ಬೇಕು, ಇಲ್ಲಾಂದ್ರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸ್ತಾರೆ.

ಶ್ರೀದೇವಿ, 4ನೇ ಕ್ರಾಸ್: ನನ್ನ ಹೆಸರಲ್ಲಿ ಹಾಕ್ರಿ ಸರ್.

ಮಂಜು, 3ನೇ ಕ್ರಾಸ್: ಎಲ್ಲಾ ಸರಿ, ನಂದು ಹಳೇ ನೋಟಿಸ್‌ಗಳ ಕಥೆ ಏನು? ಬೋರ್ಡೇ ಇರ್ಲಿಲ್ಲ ಅಂತ ಕಟ್ಟದೇ ಇರಬೌದಾ?

ವಕೀಲ್ರು, 2ನೇ ಮೇನ್: ಕಟ್ಟದೇ ಸುಮ್ಮನೆ ಕೂತ್ರೆ ಮುಂದೆ ಗಾಡಿ ಮಾರೋವಾಗ ತಲೆನೋವು. ಕೋರ್ಟಲ್ಲಿ ಪ್ರಶ್ನೆ ಮಾಡೋ ಹಕ್ಕು ನಿಂಗೈತೆ, ಆದ್ರೆ ಬೋರ್ಡ್ ಇಲ್ಲ ಅನ್ನೋದಕ್ಕೆ ಈಗ್ಲೇ ಫೋಟೋ ತೆಗೆದಿಟ್ಕ, ಬ್ರಿಡ್ಜ್ ಆ ಕಡೆಯಿಂದ ಕ್ಯಾಮೆರಾ ಕಂಬದವರೆಗೂ ಒಂದೇ ವಿಡಿಯೋ, ನಡುವೆ ಕಟ್ ಮಾಡಬ್ಯಾಡ. ಅರ್ಜಿ ಕೊಟ್ಟ ಮರುದಿನಾನೇ ಅವರು ಬೋರ್ಡ್ ಹಾಕಿಬಿಟ್ರೆ ನಿನ್ನ ಹತ್ರ ಏನೂ ಉಳಿಯಲ್ಲ.

ಮಂಜು, 3ನೇ ಕ್ರಾಸ್: ಹಂಗಾದ್ರೆ ಈಗ್ಲೇ ಹೊಂಟೆ. ಯಾರಾದ್ರೂ ಹಿಂದೆ ಕೂತು ವಿಡಿಯೋ ಮಾಡ್ರಿ, ನಾನು ಓಡಿಸ್ತೀನಿ.

ಗೀತಾ ಸಿಸ್ಟರ್, 1ನೇ ಕ್ರಾಸ್: ಹಿಂದೆ ಕೂರೋರಿಗೂ ಹೆಲ್ಮೆಟ್.

ಖಾದರ್ ಭಾಯ್ (ಗ್ಯಾರೇಜ್): ಮಂಜು ಗ್ಯಾರೇಜ್ ಕಡೆ ಬಾ, ನನ್ನ ಹತ್ರ ಎರಡು ಹೆಲ್ಮೆಟ್ ಅದಾವೆ, ನಾನೇ ಹಿಂದೆ ಕೂರ್ತೀನಿ. ಬರೋವಾಗ ಸ್ಕೂಲ್ ಗೇಟಿಂದ ಕಂಬದವರೆಗೂ ಎಷ್ಟು ದೂರ ಅಂತ ಟೇಪ್ ಹಿಡಿದು ಅಳ್ಕಂಡೇ ಬರೋಣ, ಅರ್ಜಿಯಾಗ ಅಂದಾಜು ಬರೆಯೋದು ಬ್ಯಾಡ.

ಅಡ್ಮಿನ್ (ನಿವಾಸಿಗಳ ಸಂಘ): ಸರಿ. ವಿಡಿಯೋ ಗುಂಪಿಗೆ ಹಾಕಬ್ಯಾಡ್ರಿ, ಸ್ಟೋರೇಜ್ ಫುಲ್ ಅಂತ ಎಲ್ರೂ ಬೈತಾರೆ, ವಕೀಲ್ರಿಗೆ ನೇರ ಕಳಿಸ್ರಿ. ಭಾನುವಾರ ಬರೋರು ಸಹಿ ಹಾಕೋಕೆ ಪೆನ್ನು, ಆಧಾರ್ ಝೆರಾಕ್ಸ್ ತರ್ರಿ. ರವಿ, ಟೀ ನಿಂದು.