ಶೇ. 26 ಷೇರು ಕೊಟ್ಟರೆ ಕಂಪನಿ ನಮ್ಮ ಕೈಯಲ್ಲೇ ಉಳಿಯುತ್ತಾ?

ಪ್ರಶ್ನೆ (ಗೋಕುಲ ರಸ್ತೆ, ಹುಬ್ಬಳ್ಳಿ): ಮೇಡಂ, ನಮಸ್ಕಾರ. ನಮ್ಮದು ವಾಲ್ವ್ ತಯಾರಿಸುವ ಪ್ರೈವೇಟ್ ಲಿಮಿಟೆಡ್ ಕಂಪನಿ. ಅಪ್ಪ, ಅಣ್ಣ, ನಾನು ಡೈರೆಕ್ಟರುಗಳು. ಊಟಕ್ಕೆ ಕೂತಾಗ ಅಪ್ಪ ಹೇಳಿದ್ದೇ ತೀರ್ಮಾನ. ಮೀಟಿಂಗ್ ನಡೆದ ದಾಖಲೆ, ಅಂದರೆ ಮಿನಿಟ್ಸ್, ಆಮೇಲೆ ಬರೆಸಿ ಸಹಿ ಹಾಕುತ್ತೇವೆ. ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಎರಡನೇ ಘಟಕ ಹಾಕಲು ದುಡ್ಡು ಬೇಕು. ಬೆಂಗಳೂರಿನ ಹೂಡಿಕೆದಾರರೊಬ್ಬರು ಶೇ. 26 ಷೇರು, ಬೋರ್ಡ್‌ನಲ್ಲಿ ಒಂದು ಸೀಟು ಕೇಳುತ್ತಿದ್ದಾರೆ. ಶೇ. 74 ನಮ್ಮ ಹತ್ತಿರವೇ ಇರುತ್ತಲ್ಲ, ತೊಂದರೆ ಏನು?

ಉತ್ತರ (ಕಂಪನಿ ಸೆಕ್ರೆಟರಿ, ಧಾರವಾಡ): ಅವರು 26 ಅಂತ ಸುಮ್ನೆ ಕೇಳಿಲ್ಲ ಸರ್. ಕಂಪನಿಯ ಆರ್ಟಿಕಲ್ಸ್ (ಒಳಗಿನ ನಿಯಮಾವಳಿ) ಬದಲಿಸಲು, ಹೊಸಬರಿಗೆ ಷೇರು ಕೊಡಲು ಷೇರುದಾರರ ಸ್ಪೆಷಲ್ ರೆಸಲ್ಯೂಶನ್ (ವಿಶೇಷ ನಿರ್ಣಯ) ಬೇಕು. ಅದು ಪಾಸಾಗಬೇಕಾದರೆ ವಿರೋಧದ ಮತಗಳ ಮೂರು ಪಟ್ಟಾದರೂ ಪರವಾಗಿ ಬೀಳಬೇಕು. 26ರ ಮೂರು ಪಟ್ಟು 78. ನಿಮ್ಮ ಹತ್ತಿರ ಇರುವುದು 74. ಅವರಿಗೆ 25 ಮಾತ್ರ ಕೊಟ್ಟರೆ 75 ಸಾಕಾಗುತ್ತದೆ. ಒಂದೇ ಒಂದು ಶೇಕಡಾದಲ್ಲಿ ತಡೆಯುವ ಶಕ್ತಿ ಅವರ ಕೈಗೆ ಹೋಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಅವರ ಜೊತೆ ಮಾಡಿಕೊಳ್ಳುವ ಒಪ್ಪಂದದ ಒಳಗಿನ ಒಂದು ಪಟ್ಟಿ. 'ಹೂಡಿಕೆದಾರರ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ' ಅಂತ ಇರುತ್ತದೆ. ಇಷ್ಟು ಲಕ್ಷಕ್ಕಿಂತ ಜಾಸ್ತಿ ಸಾಲ, ಹೊಸ ಮಷಿನು, ಹೊಸ ವ್ಯವಹಾರ, ಮನೆಯವರ ಸಂಬಳ. ಕಂಪನಿ ಮುಂದೆ ಏನಾಗಬೇಕು ಅನ್ನುವುದು ಅಲ್ಲೇ ನಿರ್ಧಾರವಾಗುತ್ತದೆ. ಆ ಮಿತಿ ತೀರಾ ಕಡಿಮೆ ಇದ್ದರೆ ಬೇಲೂರಿನ ಶೆಡ್ಡಿಗೆ ಒಂದು ಲೇತ್ ತರಲಿಕ್ಕೂ ಅವರನ್ನು ಕೇಳಬೇಕು. ಒಂದು ಸಲ ಆರ್ಟಿಕಲ್ಸ್‌ಗೆ ಸೇರಿದರೆ, ಬದಲಿಸಲು ಮತ್ತೆ ಅವರ ಮತವೇ ಬೇಕು. ಹಾಗಾಗಿ ದುಡ್ಡು ಬರುವ ಮೊದಲೇ ಸಾಲು ಸಾಲಾಗಿ ಓದಿ, ಚೌಕಾಸಿ ಮಾಡಿ.

ಅವರು ಯಾವಾಗ, ಹೇಗೆ ಹೊರಹೋಗುತ್ತಾರೆ ಅನ್ನುವುದನ್ನೂ ನೋಡಿ. ಐದಾರು ವರ್ಷಕ್ಕೆ ಷೇರು ಮಾರಿ ಹೋಗುವವರಿಗೆ ಬೇಗ ಬೆಳೆಯುವ ಆರ್ಡರ್ ಬೇಕು. ಅಪ್ಪ ನಿಧಾನಕ್ಕೆ ಕಟ್ಟಿದ ಹಳೇ ಗಿರಾಕಿಗಳ ಕೆಲಸ ಹಿಂದೆ ಬೀಳಬಹುದು.

ಇನ್ನೊಬ್ಬರು (ಹಾವೇರಿ): ನಮಗೆ ಯಾವ ಹೂಡಿಕೆದಾರರೂ ಇಲ್ಲ. ಆದರೂ ಹೊರಗಿನವರನ್ನು ಬೋರ್ಡ್‌ಗೆ ತರಬೇಕಾ?

ಉತ್ತರ: ಪ್ರೈವೇಟ್ ಕಂಪನಿಗೆ ಕಡ್ಡಾಯ ಅಲ್ಲ. ಷೇರುಪೇಟೆಯಲ್ಲಿ ಲಿಸ್ಟ್ ಆದವರಿಗೆ ಕನಿಷ್ಠ ಮೂರನೇ ಒಂದು ಭಾಗ ಸ್ವತಂತ್ರ ನಿರ್ದೇಶಕರು (ಮಾಲೀಕರ ಕುಟುಂಬಕ್ಕೆ ಸೇರದ ಹೊರಗಿನವರು) ಇರಲೇಬೇಕು. ನಮ್ಮ ಭಾಗದ ವಿಆರ್‌ಎಲ್ ನೋಡಿ. 1976ರಲ್ಲಿ ಗದಗದಲ್ಲಿ ಒಂದು ಲಾರಿಯಿಂದ ಶುರುವಾಯಿತು, 1983ರಲ್ಲಿ ಕಂಪನಿಯಾಯಿತು, 2015ರಲ್ಲಿ ಲಿಸ್ಟ್ ಆಯಿತು. ಪ್ರತಿ ಹಂತದಲ್ಲೂ ಲೆಕ್ಕ ಒಪ್ಪಿಸಬೇಕಾದವರು ಜಾಸ್ತಿಯಾಗುತ್ತಾರೆ, ಕಂಪನಿಯ ರಚನೆಯೂ ಬದಲಾಗುತ್ತದೆ.

ಆದರೂ ಒಬ್ಬರನ್ನು ತನ್ನಿ ಅಂತಲೇ ಹೇಳುತ್ತೇನೆ. 'ಬೇಡ' ಅನ್ನುವ ಧೈರ್ಯ ಇರುವವರನ್ನು ಆರಿಸಿ, ದೊಡ್ಡ ಹೆಸರು ಬೇಕಿಲ್ಲ. ಸತ್ಯಂ ಕಂಪ್ಯೂಟರ್ಸ್ ಬೋರ್ಡ್‌ನಲ್ಲಿ ಹೆಸರಾಂತ ಪ್ರಾಧ್ಯಾಪಕರೇ ಇದ್ದರು. 2008ರ ಡಿಸೆಂಬರ್‌ನಲ್ಲಿ ಸಾಫ್ಟ್‌ವೇರ್ ಕಂಪನಿಯ ದುಡ್ಡಲ್ಲಿ ಸತ್ಯಂ ಸ್ಥಾಪಿಸಿದ ರಾಜು ಅವರ ಕುಟುಂಬದ ಎರಡು ಮೇಟಾಸ್ ಕಂಪನಿಗಳನ್ನು ಕೊಳ್ಳಲು ಅದೇ ಬೋರ್ಡ್ ಒಪ್ಪಿತು. ಒಂದು ಜಮೀನು-ಕಟ್ಟಡದ್ದು, ಇನ್ನೊಂದು ರಸ್ತೆ-ಕಾಮಗಾರಿಯದ್ದು. ತಡೆದವರು ಹೊರಗಿನ ಹೂಡಿಕೆದಾರರು. ಗಂಟೆಗಳಲ್ಲೇ ಅದನ್ನು ಕೈಬಿಡಬೇಕಾಯಿತು. 2009ರ ಜನವರಿ 7ರಂದು ಸತ್ಯಂನ ಲೆಕ್ಕದ ಮೋಸ ಹೊರಬಿತ್ತು.

ಮೊದಲು ಕೇಳಿದವರು: ಫ್ಯಾಕ್ಟರಿ ಜಾಗ ಅಪ್ಪನ ಹೆಸರಲ್ಲಿದೆ, ಕಂಪನಿ ಬಾಡಿಗೆ ಕೊಡುತ್ತದೆ. ಇದಕ್ಕೂ ತಕರಾರು ಬರುತ್ತಾ?

ಉತ್ತರ: ಅವರ ವಕೀಲರು ಮೊದಲು ಕೇಳುವುದೇ ಇದನ್ನು. ತಪ್ಪೇನಿಲ್ಲ, ಆದರೆ ಮುಚ್ಚಿಡಬಾರದು. ಪ್ರತಿ ವರ್ಷದ ಮೊದಲ ಬೋರ್ಡ್ ಮೀಟಿಂಗ್‌ನಲ್ಲಿ ಅಪ್ಪಾಜಿ ತಮ್ಮ ಹಿತಾಸಕ್ತಿಯನ್ನು ಎಂಬಿಪಿ-1 ಫಾರಂನಲ್ಲಿ ಬರೆದುಕೊಡಬೇಕು. ಬಾಡಿಗೆ ಮಾರುಕಟ್ಟೆ ದರದಲ್ಲಿರಲಿ, ಕರಾರು ನೋಂದಣಿ ಆಗಿರಲಿ. ಮೀಟಿಂಗನ್ನು ನಿಜವಾಗಿಯೂ ನಡೆಸಿ. ಕಾನೂನು ವರ್ಷಕ್ಕೆ ನಾಲ್ಕು ಕೇಳುತ್ತದೆ, ಸಣ್ಣ ಕಂಪನಿ ಅನ್ನಿಸಿಕೊಂಡರೆ ಎರಡು ಸಾಕು. ಅಪ್ಪಾಜಿಯೇ ಅಧ್ಯಕ್ಷರಾಗಿ ಕೂರಲಿ. ಬೇಲೂರಿನ ಘಟಕ ಈಗ ಬೇಕಾ, ಎಷ್ಟು ಸಾಲ, ಯಾರು ಹೊಣೆ ಅನ್ನುವುದನ್ನು ಮೊದಲ ಮೀಟಿಂಗ್‌ನಲ್ಲೇ ಚರ್ಚಿಸಿ, ಯಾರು ಏನು ಹೇಳಿದರು ಅಂತ ಬರೆದಿಡಿ. ಒಪ್ಪಂದದ ಕರಡು ಬಂದಮೇಲೆ ಆ ಪಟ್ಟಿಯ ಪುಟವನ್ನು ಹೆಸರು ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.